ಗ್ರಾಮಿನ ಲೆಕ್ಕದ ದಿನಗಳು

ಸ್ಟ್ರೆಚರ್ ಬರುತ್ತಿದೆ, ಗೋಡೆಗೆ ಒತ್ತಿ ನಿಂತುಕೊಳ್ಳಿ. ಹೊರಗೆ 108ರ ದೀಪ ಇನ್ನೂ ಸುತ್ತುತ್ತಲೇ ಇದೆ, ಡ್ರೈವರ್ ಹಿಂದಿನ ಬಾಗಿಲು ಹಾಕುವುದನ್ನೂ ಬಿಟ್ಟು ಕೈಜೋಡಿಸಲು ಓಡಿಬಂದಿದ್ದಾನೆ. ಮಲಗಿರುವವಳಿಗೆ ಇಪ್ಪತ್ತೊಂದೋ ಇಪ್ಪತ್ತೆರಡೋ ಇರಬೇಕು. ಮುಖ ಬಾತಿದೆ, ಕಣ್ಣಿನ ರೆಪ್ಪೆ ಬಾತಿದೆ, ಕಾಲುಂಗುರ ಬೆರಳಿನ ಮಾಂಸದೊಳಗೆ ಹುದುಗಿಹೋಗಿದೆ. ಕುಬಸದಲ್ಲಿ ಇಡಿಸಿದ ಹಸಿರು ಬಳೆಗಳು ಮುಂಗೈಯಲ್ಲಿ ಹಾಗೇ ಇವೆ. ಹಿಂದೆ ಮೂವರು: ಗಂಡ, ಹಡೆದ ತಾಯಿ, ಅತ್ತೆ. ತಾಯಿಯ ಕಂಕುಳಲ್ಲಿ ಬಟ್ಟೆಯ ಗಂಟು. ಅತ್ತೆಯ ಕೈಯಲ್ಲಿ ಪ್ಲಾಸ್ಟಿಕ್ ಚೀಲದೊಳಗೆ ಮಡಚಿಟ್ಟ ತಾಯಿ ಕಾರ್ಡು.

“ದಾರ್ಯಾಗ ಎರಡು ಸಲ ಫಿಟ್ಸ್ ಬಂದಾವ್ರಿ ಸಿಸ್ಟರ್. ಎಂಟು ತಿಂಗಳು ನಡದೈತಿ. ಚೊಚ್ಚಲ.”

ಬಾಗಿಲು ಮುಚ್ಚಿತು. ಇನ್ನು ನಿಮ್ಮ ಜಾಗ ಈ ಮೂವರ ಪಕ್ಕದಲ್ಲೇ. ಇದು ಉತ್ತರ ಕರ್ನಾಟಕದ ಒಂದು ಜಿಲ್ಲಾ ಆಸ್ಪತ್ರೆ. ಯಾವ ಊರೆಂದು ಹೇಳುವುದಿಲ್ಲ, ಇಲ್ಲಿ ಕಾಣುವ ಯಾರಿಗೂ ಹೆಸರು ಕೊಡುವುದಿಲ್ಲ. ಹಲವು ಮನೆಗಳ ಹಲವು ರಾತ್ರಿಗಳು ಕೂಡಿ ಈ ಒಂದು ಕಾರಿಡಾರ್ ಆಗಿದೆ.

ಬಾಗಿಲಿಗೆ ಅಂಗೈ ಅಗಲದ ಗಾಜಿದೆ. ಇಣುಕಿದರೆ ಒಳಗಿನದು ತುಸು ಕಾಣುತ್ತದೆ. ಒಬ್ಬರು ಆಕೆಯನ್ನು ಎಡಮಗ್ಗುಲಿಗೆ ಹೊರಳಿಸಿ ಬಾಯೊಳಗಿನ ನೊರೆ ತೆಗೆಯುತ್ತಿದ್ದಾರೆ, ಇನ್ನೊಬ್ಬರು ಆಮ್ಲಜನಕದ ಮಾಸ್ಕ್ ಹಿಡಿದಿದ್ದಾರೆ. ಬಿ.ಪಿ. 180/120 ಎಂದು ಯಾರೋ ಕೂಗಿ ಹೇಳಿದರು. ಮ್ಯಾಗ್ನೀಷಿಯಂ ಸಲ್ಫೇಟ್ ಸಿರಿಂಜಿಗೆ ಏರುತ್ತಿದೆ. ನಾಲ್ಕು ಗ್ರಾಂ ರಕ್ತನಾಳಕ್ಕೆ, ನಿಧಾನವಾಗಿ. ಆಮೇಲೆ ಐದೈದು ಗ್ರಾಂ ಎರಡೂ ಪಿರ್ರೆಗಳಿಗೆ. ಇದು ಹಳೆಯ ಔಷಧ, ಅಗ್ಗದ ಔಷಧ. ಬಿ.ಪಿ. ಏರಿದ ಗರ್ಭಿಣಿಯರಲ್ಲಿ ಫಿಟ್ಸ್ ಬರುವ ಅಪಾಯವನ್ನು ಇದು ಅರ್ಧಕ್ಕಿಂತ ಕೆಳಗಿಳಿಸುತ್ತದೆ ಎಂಬುದನ್ನು 33 ದೇಶಗಳ ಹತ್ತು ಸಾವಿರಕ್ಕೂ ಮಿಕ್ಕ ಹೆಂಗಸರ ಮೇಲೆ ನಡೆದ ಮ್ಯಾಗ್ಪೈ ಅಧ್ಯಯನ 2002ರಲ್ಲಿ ತೋರಿಸಿಕೊಟ್ಟಿತು. ಒಳಗಿನವರ ಕೈಗಳು ಅವಸರದಲ್ಲಿವೆ, ಆದರೆ ಗಾಬರಿಯಲ್ಲಿಲ್ಲ. ಏನು ಮಾಡಬೇಕೆಂದು ಅವರಿಗೆ ಗೊತ್ತಿದೆ.

ಗೊತ್ತಿಲ್ಲದೆ ಕುಳಿತವರು ಹೊರಗಿನವರು.

“ಮೂರು ದಿನದಿಂದ ತೆಲಿ ನೋಯಾಕತ್ತೈತಿ ಅಂತಿದ್ಲು,” ತಾಯಿ ಗೋಡೆಗೆ ಹೇಳಿದಂತೆ ಹೇಳುತ್ತಾಳೆ. “ಬಿಸಲಾಗ ಅಡ್ಡಾಡಿ ಹಂಗಾಗಿರಬೇಕು ಅಂತ ಬಾಮ್ ಹಚ್ಚಿದೆ. ನಿನ್ನೆ ಕಣ್ಣು ಮಂಜಾಗ್ಯಾವ ಅಂದ್ಲು. ದೃಷ್ಟಿ ತಗದೆ.”

“ಕಾಲು ಬಾತಾವ ಅಂತ ನಾ ಅವತ್ತ ಹೇಳಿದ್ದೆ,” ಅಂದಳು ಅತ್ತೆ. “ಗ್ರಹಣದಾಗ ಹೊರಗ ಏನರ ಬಂದಿದ್ಲೇನು ನಿಮ್ಮ ಮನ್ಯಾಗ?”

ಆ ಪ್ರಶ್ನೆ ಬಿದ್ದ ಜಾಗ ನೋಡಿ. ತಾಯಿಯ ಮುಖದಲ್ಲಿ ಇದ್ದಷ್ಟು ರಕ್ತವೂ ಇಳಿದುಹೋಯಿತು. ಗಂಡ ಇಬ್ಬರನ್ನೂ ನೋಡದೆ ಮೊಬೈಲನ್ನು ತಿರುವುತ್ತಿದ್ದಾನೆ, ಪರದೆಯಲ್ಲಿ ಏನೂ ಇಲ್ಲ. ತಾಯಿ ಕಾರ್ಡು ಬಿಚ್ಚಿ ನೋಡಿದರೆ ಆರನೆಯ ತಿಂಗಳ ತನಕ ಬಿ.ಪಿ. ಸರಿಯಾಗೇ ಇದೆ. ಆಮೇಲೆ ಖಾಲಿ ಸಾಲುಗಳು. ಕುಬಸ ಮುಗಿಸಿ ತವರಿಗೆ ಬಂದವಳು ಗಂಡನ ಊರಿನ ಆಶಾ ಕಾರ್ಯಕರ್ತೆಯ ಕಣ್ಣಿಗೂ ಬೀಳಲಿಲ್ಲ, ತವರಿನ ಆಶಾ ಪುಸ್ತಕಕ್ಕೂ ಸೇರಲಿಲ್ಲ. ಬಿ.ಪಿ. ಜಿಗಿಯುವ ಕಾಲವೂ ಅದೇ. ಎರಡೂ ಊರುಗಳ ನಡುವಿನ ಈ ಸಂದಿಯನ್ನು ಮುಚ್ಚುವುದು ಇಲಾಖೆಗೆ ಆಗದ ಕೆಲಸವೇನಲ್ಲ. ಸೊಸೆ ತವರಿಗೆ ಹೊರಟ ದಿನ ಒಬ್ಬ ಆಶಾ ಇನ್ನೊಬ್ಬ ಆಶಾಗೆ ಫೋನ್ ಮಾಡಿದ್ದರೂ ಸಾಕಿತ್ತು.

ಬಾಗಿಲು ತೆರೆದು ಬಂದ ನರ್ಸ್‌ಗೆ ಐವತ್ತರ ಹತ್ತಿರ. ಆಕೆ ನಿಂತೇ ಹೇಳಿ ಹೋಗಬಹುದಿತ್ತು. ಹಾಗೆ ಮಾಡದೆ ಬೆಂಚಿನ ತುದಿಗೆ ಕುಳಿತಳು.

“ಅಮ್ಮಾರ, ಇಬ್ರೂ ಕೇಳ್ರಿ. ಇದು ಗ್ರಹಣದಿಂದ ಬಂದಿದ್ದಲ್ಲ, ಉಂಡಿದ್ದರಿಂದ ಬಂದಿದ್ದಲ್ಲ. ಕೂಸಿನ ಹಿಂದ ಮಾಸ ಬರ್ತೈತಲ್ಲ, ಅದು ಮೊದ್ಲಿಂದ್ಲೇ ಸರಿಯಾಗಿ ಬೇರೂರಿಲ್ಲ. ಅದಕ್ಕ ಬಿ.ಪಿ. ಏರೈತಿ, ಮೂತ್ರಪಿಂಡಕ್ಕ, ತೆಲಿಗೆ ಪೆಟ್ಟು ಬಿದ್ದೈತಿ. ಯಾರ ಮನಿಯವರ ತಪ್ಪೂ ಇಲ್ಲ. ಈಗ ಫಿಟ್ಸ್ ನಿಂತಾವ. ಆದ್ರ ಕೂಸು ಹೊರಗ ಬರೂತನಾ ಈ ರೋಗ ಇಳಿಯಂಗಿಲ್ಲ. ಆಪರೇಷನ್ ಮಾಡಬೇಕು. ಕೂಸು ಸಣ್ಣದೈತಿ. ಇಬ್ರನ್ನೂ ಉಳಸಾಕ ನೋಡ್ತೀವಿ.”

ಎರಡು ನಿಮಿಷದ ಮಾತು. ಇಂಥ ಕಾರಿಡಾರುಗಳಲ್ಲಿ ನಾನು ಕಂಡ ಆಸರೆಗಳಲ್ಲಿ ಇದಕ್ಕಿಂತ ದೊಡ್ಡದು ಕಡಿಮೆ. ಕೆಟ್ಟ ಸುದ್ದಿಯನ್ನು ಮುಚ್ಚಿಡಲಿಲ್ಲ, ಹೊರೆಯನ್ನು ಮಾತ್ರ ಇಬ್ಬರು ಹೆಂಗಸರ ತಲೆಯಿಂದ ಇಳಿಸಿದಳು. ಸಹಿ ಹಾಕುವಾಗ ಗಂಡನ ಕೈ ನಡುಗಿ ಅಕ್ಷರ ಗೆರೆ ದಾಟಿತು. ಅತ್ತೆ ತನ್ನ ಸೆರಗಿನಿಂದ ಬೀಗಿತಿಯ ಮುಖ ಒರೆಸಿದಳು.

ತಾಲ್ಲೂಕು ಆಸ್ಪತ್ರೆಯಿಂದ ಕಳಿಸುವಾಗಲೇ ಅಲ್ಲಿಯ ಡಾಕ್ಟರ್ ಒಂದು ಡೆಕ್ಸಾಮೆಥಾಸೋನ್ ಇಂಜೆಕ್ಷನ್ ಕೊಟ್ಟಿದ್ದಾರೆ, ಚೀಟಿಯಲ್ಲಿ ವೇಳೆ ಬರೆದಿದೆ. ದಿನ ತುಂಬದ ಕೂಸಿನ ಶ್ವಾಸಕೋಶ ಬೇಗ ಬಲಿಯಲಿ ಎಂದು ತಾಯಿಗೆ ಚುಚ್ಚುವ ಮದ್ದು ಇದು. ನಮ್ಮಂಥ ದೇಶಗಳ ಆಸ್ಪತ್ರೆಗಳಲ್ಲೂ ಇದು ಕೂಸುಗಳನ್ನು ಉಳಿಸುತ್ತದೆಯೇ ಎಂದು ಭಾರತ, ಬಾಂಗ್ಲಾದೇಶ, ಕೀನ್ಯಾ, ನೈಜೀರಿಯಾ, ಪಾಕಿಸ್ತಾನಗಳಲ್ಲಿ ನೋಡಿದ ದೊಡ್ಡ ಅಧ್ಯಯನ 2020ರಲ್ಲಿ ಹೊರಬಂತು. ಉತ್ತರ ಹೌದೆಂದೇ ಬಂತು. ಅದರಲ್ಲಿ ನಮ್ಮ ಬೆಳಗಾವಿಯ ತಾಯಂದಿರೂ ಇದ್ದರು. ಈ ಕೂಸಿಗೆ ನಾಲ್ಕು ಡೋಸು ಮುಗಿಯುವಷ್ಟು ವೇಳೆ ಸಿಗಲಿಲ್ಲ. ಸಿಕ್ಕಿದ್ದು ಒಂದೇ.

ಕಾರಿಡಾರಿನಲ್ಲಿ ಸಾಲಾಗಿ ಚಾಪೆಗಳಿವೆ. ಕಾಲು ಎಲ್ಲಿಡುತ್ತೀರಿ, ನೋಡಿಕೊಳ್ಳಿ. ಯಾರದೋ ಅಜ್ಜಿ ಹೊದಿಕೆಯಿಲ್ಲದೆ ಮುದುಡಿಕೊಂಡಿದ್ದಾಳೆ, ಯಾರದೋ ಅಣ್ಣ ಕುಳಿತಲ್ಲೇ ತೂಕಡಿಸುತ್ತಿದ್ದಾನೆ. ಮೂಲೆಯ ಚಾಪೆಯ ಹೆಂಗಸು ಎದ್ದು ಬಂದಳು. ಕುಪ್ಪಸದ ಮೇಲೆ ಹಳೆಯ ಸ್ವೆಟರು, ಕೈಯಲ್ಲಿ ಫ್ಲಾಸ್ಕು. ತಂಗಿಯ ಮಗು ಒಳಗಿದೆಯಂತೆ, ಎರಡು ವಾರದ ಮೇಲಾಯಿತು.

“ಚಾ ಕುಡೀರಿ ಅಕ್ಕಾರ. ನಾಕ್ಕ ನೀರು ಬರ್ತಾವ, ಅಲ್ಲಿ ಹಿಂದ ನಳ ಐತಿ. ಕೂಸಿಗೆ ಟೊಪಿಗಿ, ಕಾಲಚೀಲ ಬೇಕಾಗ್ತಾವ. ಇಲ್ಲಂದ್ರ ಚಿಂತಿ ಮಾಡಬ್ಯಾಡ್ರಿ, ನಮ್ಮಲ್ಲಿ ಒಂದು ಜೋಡಿ ಹೆಚ್ಚಿಂದಾವ.”

ಸಮಾಧಾನದ ಮಾತು ಒಂದೂ ಇಲ್ಲ ಅದರಲ್ಲಿ. ನಳ ಎಲ್ಲಿದೆ, ಟೊಪ್ಪಿಗೆ ಬೇಕು. ಅತ್ತೆ ಚಹಾದ ಲೋಟ ತೆಗೆದುಕೊಂಡಳು. ಎರಡು ವಾರದಿಂದ ಇಲ್ಲೇ ಇರುವ ಒಬ್ಬಳು ಇನ್ನೂ ನಿಂತಿದ್ದಾಳೆ, ನಗುತ್ತಾಳೆ, ಚಹಾ ಕಾಸುತ್ತಾಳೆ ಎಂಬುದು ಕಣ್ಣೆದುರಿಗೆ ಕಂಡಿತಲ್ಲ, ಅದು ಆ ಹೊತ್ತಿಗೆ ಸಾಕಾಯಿತು.

ಬೆಳಕು ಹರಿಯುವ ಮೊದಲೇ ಬಾಗಿಲು ತೆರೆದು ಬಟ್ಟೆಯಲ್ಲಿ ಸುತ್ತಿದ ಕೂಸನ್ನು ಎತ್ತಿಕೊಂಡು ಒಬ್ಬ ನರ್ಸ್ ದಡದಡ ನಡೆದಳು. “ತಂದಿ ಯಾರು? ಬರ್ರಿ ನನ್ನ ಹಿಂದ.” ನೀವೂ ಹೋಗಿ. ಎಸ್‌ಎನ್‌ಸಿಯು ಎಂಬ ನವಜಾತ ಶಿಶುಗಳ ವಿಶೇಷ ಆರೈಕೆ ಘಟಕ ಇರುವುದು ಕಾರಿಡಾರಿನ ಆ ತುದಿಗೆ. ಚಪ್ಪಲಿ ಬಿಡಬೇಕು, ಮೊಣಕೈತನಕ ಸಾಬೂನು ಹಚ್ಚಿ ತೊಳೆಯಬೇಕು. ಒಳಗೆ ಬಿಸಿ. ಯಂತ್ರಗಳು ಬೇರೆ ಬೇರೆ ದನಿಯಲ್ಲಿ ಕೂಗುತ್ತಿವೆ. ಹೆಣ್ಣು ಕೂಸು, 1,340 ಗ್ರಾಂ. ವಾರ್ಮರಿನ ಕೆಳಗೆ ಮಲಗಿಸಿ ಮೂಗಿಗೆ ಉಸಿರಾಟಕ್ಕೆ ನೆರವಾಗುವ ಸಿಪ್ಯಾಪ್ ಕೊಳವೆ ಹಚ್ಚಿದರು. ಚರ್ಮದಡಿಯ ನರಗಳೆಲ್ಲ ಎಣಿಸುವಂತೆ ಕಾಣುತ್ತವೆ. ಪ್ರತಿ ಉಸಿರಿಗೂ ಪಕ್ಕೆಲುಬಿನ ಸಂದು ಒಳಗೆ ಸೆಳೆಯುತ್ತದೆ. ಕಾಲಿಗೆ ಕಟ್ಟಿದ ಪಟ್ಟಿಯಲ್ಲಿ ತಾಯಿಯ ಹೆಸರು. ಅಪ್ಪ ಬೆರಳು ಚಾಚಿ, ಮುಟ್ಟಲೋ ಬೇಡವೋ ಎಂದು ಮತ್ತೆ ಹಿಂದಕ್ಕೆಳೆದ.

“ಮುಟ್ರಿ,” ಅಂದಳು ನರ್ಸ್. “ಸವರಬ್ಯಾಡ್ರಿ. ಅಂಗೈ ಸುಮ್ನ ತೆಲಿ ಮ್ಯಾಲ ಇಡ್ರಿ.”

ಇಟ್ಟ. ತಲೆ ಅವನ ಅಂಗೈಯೊಳಗೆ ಪೂರಾ ಅಡಗಿತು. ಸಕ್ಕರೆ ಕಾರ್ಖಾನೆಗೆ ಕಬ್ಬು ಕಡಿಯಲು ಹೋಗುವ ಕೈ ಅದು.

ಬಾಣಂತಿ ಇರುವುದು ಇನ್ನೊಂದು ಕೋಣೆಯಲ್ಲಿ. ಹೆರಿಗೆಯಾದರೆ ಅಪಾಯ ಮುಗಿಯಿತೆಂದು ಹೊರಗಿನವರು ಅಂದುಕೊಳ್ಳುತ್ತಾರೆ. ಫಿಟ್ಸ್ ಹೆರಿಗೆಯ ಮೇಲೂ ಬರಬಹುದು, ಮೊದಲ ಎರಡು ದಿನ ಹೆಚ್ಚು ಎಚ್ಚರ ಬೇಕು. ಅದಕ್ಕೇ ಇನ್ನೂ ಇಪ್ಪತ್ನಾಲ್ಕು ಗಂಟೆ ಮ್ಯಾಗ್ನೀಷಿಯಂ ನಡೆಯುತ್ತದೆ. ಜೂನಿಯರ್ ಡಾಕ್ಟರ್ ಬಂದು ರಬ್ಬರ್ ಸುತ್ತಿಗೆಯಿಂದ ಮೊಣಕಾಲಿಗೆ ತಟ್ಟಿ ಕಾಲು ಚಿಮ್ಮುತ್ತದೆಯೇ ನೋಡುತ್ತಾಳೆ, ಉಸಿರು ಎಣಿಸುತ್ತಾಳೆ, ಮಂಚದ ಕೆಳಗಿನ ಮೂತ್ರದ ಚೀಲದ ಗೆರೆ ಓದುತ್ತಾಳೆ. ಮದ್ದು ಮಿತಿ ಮೀರಿದರೆ ಮೊದಲು ಹೇಳುವುದು ಮೊಣಕಾಲು, ಆಮೇಲೆ ಉಸಿರು.

ಮಧ್ಯಾಹ್ನದ ಹೊತ್ತಿಗೆ ಆಕೆ ಕಣ್ಣು ಬಿಟ್ಟಳು. ಹೊಟ್ಟೆ ಮುಟ್ಟಿಕೊಂಡಳು. ಮನೆಯಲ್ಲಿ ನೀರು ಕಾಸುತ್ತಿದ್ದದ್ದು ನೆನಪಿದೆ, ಅದರಾಚೆ ಏನೂ ಇಲ್ಲ. ಫಿಟ್ಸ್ ಬಂದವರಿಗೆ ಹೀಗೇ. ಆ ಗಂಟೆಗಳು ಅವರವಾಗಿ ಉಳಿಯುವುದಿಲ್ಲ, ಬೇರೆಯವರು ಹೇಳಿಯೇ ಕೇಳಬೇಕು.

“ಕೂಸು?”

ತಾಯಿ ನೆಲ ನೋಡಿದಳು. ಬಾಣಂತಿಯ ಮನಸ್ಸಿಗೆ ಪೆಟ್ಟು ಬೀಳಬಾರದೆಂದು ಸುಮ್ಮನಿರುವುದು ನಮ್ಮಲ್ಲಿ ತಲೆತಲಾಂತರದ ರೂಢಿ. ಆ ಸುಮ್ಮನಿರುವಿಕೆಯೊಳಗೆ ಮಲಗಿದವಳು ಕೂಸು ಸತ್ತಿದೆ ಎಂದೇ ನಿಶ್ಚಯಿಸಿಕೊಳ್ಳುತ್ತಾಳೆ. ಈಕೆಯೂ ನಿಶ್ಚಯಿಸಿಕೊಂಡಳು, ತುಟಿ ಬಿಗಿಯಿತು. ಆಗ ಗಂಡ ಮೊಬೈಲ್ ಮುಂದೆ ಹಿಡಿದ. ಎಸ್‌ಎನ್‌ಸಿಯುವಿನ ಸಿಸ್ಟರೇ ತೆಗೆದುಕೊಟ್ಟ ಹದಿನೈದು ಸೆಕೆಂಡಿನ ವಿಡಿಯೋ. ಕೂಸು ಕಾಲು ಝಾಡಿಸುತ್ತದೆ, ಅಷ್ಟೇ. ಆಕೆ ಅದನ್ನು ನೋಡಿದಳು, ಮುಗಿದಾಗ ಬೆರಳಿನಿಂದ ಒತ್ತಿ ಮತ್ತೆ ನೋಡಿದಳು. ಅಳು ಆಮೇಲೆ ಬಂತು.

ಸಂಜೆ ಮೂಲೆಯ ಚಾಪೆಯ ಅಕ್ಕ ಬಿಸಿನೀರಿನ ಅರಿವೆ ಹಿಡಿದು ಹಾಸಿಗೆಯ ಪಕ್ಕ ಬಂದು ನಿಂತಳು. “ಎದಿಗೆ ಕಾವು ಕೊಡ್ತೀನಿ. ಹಿಂದಿನಿಂದ ಮುಂದಕ ಒತ್ತು. ಒಂದು ಹನಿ ಬಂದ್ರೂ ಆತು, ಅದು ಅಕಿಗೆ ಬಂಗಾರ.” ಬಹಳ ಹೊತ್ತಿನ ಮೇಲೆ ಬಟ್ಟಲಿನ ತಳದಲ್ಲಿ ಹಳದಿ ಗಿಣ್ಣು ಹಾಲು ತೇವ ಮಾಡಿದಷ್ಟು ಸೇರಿತು. ಅದನ್ನು ಸಿರಿಂಜಿಗೆ ಎಳೆದರೆ ಎರಡು ಎಂ.ಎಲ್. ಅಜ್ಜಿ ಅದನ್ನು ಎರಡೂ ಕೈಯಲ್ಲಿ ಹಿಡಿದು ಕಾರಿಡಾರ್ ದಾಟಿದಳು, ಜನ ತಾವಾಗೇ ದಾರಿ ಬಿಟ್ಟರು. ಅದು ಬಾಯಿಯ ಕೊಳವೆಯಿಂದ ಕೂಸಿನ ಹೊಟ್ಟೆಗೆ ಹೋಯಿತು. ಎರಡು ತಾಸಿಗೊಮ್ಮೆ ಮತ್ತೆ, ಮತ್ತೆ. ಇವತ್ತಿನಿಂದ ಈ ಮನೆಯವರಿಗೆ ಒಂದು ಕೆಲಸ ಸಿಕ್ಕಿತು. ಇಲ್ಲಿ ಕುಳಿತವರ ಮುಖಗಳನ್ನು ಬಹಳ ನೋಡಿದ ಮೇಲೆ ನನಗೆ ಅನಿಸಿದ್ದು ಇದು: ಕಾಯುವುದೊಂದೇ ಪಾಲಿಗೆ ಬಂದಾಗ ಜನ ಕುಸಿಯುತ್ತಾರೆ. ಕೈಗೆ ಕೆಲಸ ಬಂದ ಗಳಿಗೆಯಿಂದ ಭರವಸೆ ಶುರುವಾಗುತ್ತದೆ, ಎರಡು ಎಂ.ಎಲ್. ಹೊತ್ತು ನಡೆಯುವ ಕೆಲಸವಾದರೂ ಸರಿ.

ಐದನೆಯ ರಾತ್ರಿ ಅಜ್ಜಿಯರಿಬ್ಬರೂ ನಿದ್ದೆ ಮಾಡಲಿಲ್ಲ. ಸಟವಿ ಬಂದು ಹಣೆಬರಹ ಬರೆಯುವ ರಾತ್ರಿ ಅದು. ಮನೆಯಾಗಿದ್ದರೆ ಪೂಜೆ ಇಡುತ್ತಿದ್ದರು. ಇಲ್ಲಿ ಎಸ್‌ಎನ್‌ಸಿಯು ಬಾಗಿಲಿಗೆ ಎದುರಾಗಿ, ಕಾವಲುಗಾರನಿಗೆ ಅಡ್ಡವಾಗದಂತೆ, ಒಂದು ಖಾಲಿ ಹಾಳೆ ಮತ್ತು ಪೆನ್ನು ಇಟ್ಟು ಕೈಮುಗಿದು ಕುಳಿತರು. ಯಾರೂ ಎಬ್ಬಿಸಲಿಲ್ಲ.

ಮರುದಿನ ತೂಕ 1,235 ಗ್ರಾಂ ಎಂದು ಹೊರಗೆ ಬಂದಾಗ ಅಪ್ಪ ಗೋಡೆಗೆ ತಲೆ ಆನಿಸಿ ನಿಂತುಬಿಟ್ಟ. ನೂರಕ್ಕೂ ಹೆಚ್ಚು ಹೋಗಿದೆ. ಪಕ್ಕದ ಚಾಪೆಯ ಹುಡುಗ, ಗ್ಯಾರೇಜಿನಲ್ಲಿ ಕೆಲಸ ಮಾಡುವವನು, ಅವನ ಭುಜ ಹಿಡಿದ. “ನಮ್ಮದೂ ಹೋಗಿತ್ತಣ್ಣ. ಮೊದಲನೇ ವಾರ ಎಲ್ಲಾವು ಇಳೀತಾವ. ಎರಡನೇ ವಾರದಾಗ ಏರಾಕ ಶುರು ಆಗ್ತೈತಿ.” ಇದನ್ನು ಡಾಕ್ಟರೂ ಹೇಳಿದ್ದರು. ಆದರೆ ತೂಕ ಇಳಿದ ಕೂಸಿನ ಅಪ್ಪನಿಗೆ, ತೂಕ ಇಳಿದಿದ್ದ ಕೂಸಿನ ಇನ್ನೊಬ್ಬ ಅಪ್ಪ ಹೇಳುವ ಮಾತಿನ ತೂಕವೇ ಬೇರೆ.

ಈಗ ಕೆಎಂಸಿ, ಅಂದರೆ ಕಾಂಗರೂ ಆರೈಕೆಯ ಕೋಣೆಗೆ ಬನ್ನಿ. ಹಿಂದಕ್ಕೆ ಒರಗುವ ಕುರ್ಚಿಗಳು, ನಾಲ್ಕು ಮಂಚ, ಕಿಟಕಿಗೆ ಹಸಿರು ಪರದೆ. ಇಲ್ಲಿ ಕೂಸುಗಳು ಯಂತ್ರದಡಿಯಲ್ಲಿಲ್ಲ, ತಾಯಂದಿರ ಎದೆಯ ಮೇಲಿವೆ. ಟೊಪ್ಪಿಗೆ, ಕಾಲುಚೀಲ, ಲಂಗೋಟಿ ಬಿಟ್ಟರೆ ಮೈಮೇಲೆ ಬೇರೇನಿಲ್ಲ. ಕಪ್ಪೆ ಕುಳಿತಂತೆ ಕೈಕಾಲು ಮಡಚಿ, ತಲೆ ಒಂದು ಮಗ್ಗುಲಿಗೆ ಹೊರಳಿಸಿ, ಸುತ್ತ ಬಟ್ಟೆ ಬಿಗಿದಿರುತ್ತದೆ. ಬೊಗೋಟಾ ನಗರದ ಒಂದು ಆಸ್ಪತ್ರೆಯಲ್ಲಿ ಇನ್‌ಕ್ಯುಬೇಟರ್ ಸಾಲದೆ, ಒಂದೊಂದರಲ್ಲಿ ಎರಡೆರಡು ಕೂಸು ಮಲಗಿಸಿ, ಸೋಂಕು ಹರಡಿ ಕೂಸುಗಳು ಸಾಯುತ್ತಿದ್ದಾಗ ಎಡ್ಗರ್ ರೇ ಸನಾಬ್ರಿಯಾ ಎಂಬ ಡಾಕ್ಟರ್ 1978ರಲ್ಲಿ ಅವುಗಳನ್ನು ತಾಯಂದಿರ ಎದೆಗೆ ಕಟ್ಟಿಸಿದರು. ಬಡತನದ ಉಪಾಯ ಅನ್ನಿಸಿಕೊಂಡಿದ್ದು ಈಗ ಎಲ್ಲಕ್ಕಿಂತ ಮುಂದಿನ ಉಪಾಯವಾಗಿದೆ. ಭಾರತವೂ ಸೇರಿ ಐದು ದೇಶಗಳಲ್ಲಿ 1 ಕಿಲೋದಿಂದ 1.8 ಕಿಲೋದೊಳಗಿನ ಕೂಸುಗಳನ್ನು ಹುಟ್ಟಿದ ಕೂಡಲೇ, ಇನ್ನೂ ಸ್ಥಿರವಾಗುವ ಮೊದಲೇ, ತಾಯಿಯ ಮೈಗೆ ಸೇರಿಸಿ ನೋಡಿದರು. 2021ರಲ್ಲಿ ಬಂದ ಫಲಿತಾಂಶದ ಪ್ರಕಾರ ಮೊದಲ 28 ದಿನಗಳ ಸಾವು ಶೇ. 15.7ರಿಂದ ಶೇ. 12ಕ್ಕೆ ಇಳಿದಿತ್ತು. ನಮ್ಮ ಕೊಪ್ಪಳ ಜಿಲ್ಲೆಯಲ್ಲೂ ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆ ಮತ್ತು ಕರ್ನಾಟಕ ಹೆಲ್ತ್ ಪ್ರೊಮೋಷನ್ ಟ್ರಸ್ಟ್‌ನವರು ಸರ್ಕಾರಿ ಆಸ್ಪತ್ರೆಗಳ ಜೊತೆ ಸೇರಿ, ಇದನ್ನು ಜಿಲ್ಲೆಯ ಕೂಸುಗಳಿಗೆ ತಲುಪಿಸುವ ಬಗೆ ಹೇಗೆಂದು ಮಾಡಿ ತೋರಿಸಿದ್ದಾರೆ.

ನಮ್ಮ ಬಾಣಂತಿಗೆ ಇನ್ನೂ ತಲೆ ಭಾರ. ಬಿ.ಪಿ. ಗುಳಿಗೆ ನಡೆದಿದೆ, ಹೊಟ್ಟೆಯ ಹೊಲಿಗೆ ಎಳೆಯುತ್ತದೆ. ಗಾಲಿಕುರ್ಚಿಯಲ್ಲಿ ಕರೆತಂದು ಕೂರಿಸಿದರು. ಮೊದಲ ಸಲ ಕೂಸನ್ನು ಎದೆಗಿಟ್ಟಾಗ ಆಕೆ ಉಸಿರು ಹಿಡಿದಳು. “ಉಸಿರು ಬಿಡವಾ,” ನರ್ಸ್ ನಕ್ಕಳು, “ನಿನ್ನ ಉಸಿರು ಕೇಳಿ ಅದೂ ಉಸಿರಾಡ್ತೈತಿ.” ಆಮ್ಲಜನಕದ ಅಂಕಿ 91, 93, 95. ನಿಜವಾಗಿಯೂ ಏರುತ್ತಿದೆ, ಪರದೆಯಲ್ಲಿ ನೀವೇ ನೋಡಿ.

ದಿನಕ್ಕೆ ಎಂಟು ತಾಸು, ಹತ್ತು ತಾಸು, ಆದಷ್ಟೂ ಹೆಚ್ಚು. ಒಬ್ಬಳಿಂದ ಆಗುವ ಕೆಲಸವಲ್ಲ. ಆಕೆ ಉಣ್ಣುವಾಗ ಅತ್ತೆ ಕುಪ್ಪಸದ ಗುಂಡಿ ಬಿಚ್ಚಿ ಕುಳಿತಳು. ಗ್ರಹಣದ ಮಾತಾಡಿದ ಅದೇ ಹೆಂಗಸು, ಕಣ್ಣುಮುಚ್ಚಿ, ಮೊಮ್ಮಗಳ ಬೆನ್ನಿನ ಮೇಲೆ ಅಂಗೈ ಇಟ್ಟುಕೊಂಡು ಎರಡು ತಾಸು ಅಲುಗಲಿಲ್ಲ. ಗಂಡಸರಿಗೆ ಇಲ್ಲಿ ಪ್ರವೇಶವಿಲ್ಲ ಎಂಬ ಫಲಕ ಬಾಗಿಲಿಗೆ ಇನ್ನೂ ಇದೆ. ಸಂಜೆಯ ಪಾಳಿಯ ಸಿಸ್ಟರ್ ಪರದೆ ಎಳೆದು ಅಪ್ಪಂದಿರನ್ನು ಒಳಗೆ ಬಿಡುತ್ತಾಳೆ. ಆ ಫಲಕ ತೆಗೆದುಹಾಕಬೇಕು. ಒಬ್ಬ ಸಿಸ್ಟರಿನ ಒಳ್ಳೆಯತನದ ಮೇಲೆ ನಿಂತ ಅಪ್ಪನ ಹಕ್ಕು, ಆಕೆಯ ಪಾಳಿ ಬದಲಾದ ದಿನ ಬಿದ್ದುಹೋಗುತ್ತದೆ. ಅಂಗಿ ತೆಗೆದು ಕುಳಿತ ಆ ಕಬ್ಬಿನ ಕೈಯ ಹುಡುಗನನ್ನು ನೋಡಿದರೆ ನೀವೂ ಹಾಗೇ ಅನ್ನುತ್ತೀರಿ.

ಇಲ್ಲಿ ನಮಸ್ಕಾರದ ಬದಲು ಕೇಳುವುದು, “ಇವತ್ತು ಎಷ್ಟು?”

“ಹದಿನೆಂಟು ಏರೈತಿ.”

“ನಮ್ಮದು ಐದು ಇಳದೈತ್ರಿ.”

“ನಾಳೆ ಏರ್ತೈತಿ ಬಿಡ. ನಮ್ಮದೂ ಸೋಮವಾರ ಇಳದಿತ್ತು.”

ಆರನೆಯ ನಂಬರಿನ ಹಾಸಿಗೆಯವಳನ್ನು ಈವರೆಗೆ ನಿಮಗೆ ತೋರಿಸಿಲ್ಲ. ಬಾಣಂತಿಯರ ವಾರ್ಡಿನಲ್ಲಿ, ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಾಳೆ. ಆಕೆಗೂ ಬಿ.ಪಿ. ಏರಿತ್ತು. ಹೆರಿಗೆಗೆ ಮೊದಲೇ ಮಾಸ ಗರ್ಭದ ಗೋಡೆಯಿಂದ ಬಿಟ್ಟುಕೊಂಡು ಒಳಗೇ ರಕ್ತ ಹರಿದು ಕೂಸು ಹೋಯಿತು, ಆಕೆ ಉಳಿದಳು. ಗಂಡ ಬಿಳಿ ಬಟ್ಟೆಯ ಸುತ್ತನ್ನು ಎತ್ತಿಕೊಂಡು ಅಣ್ಣನ ಜೊತೆ ಊರಿಗೆ ಹೋಗಿ ಮಣ್ಣು ಮಾಡಿ ಬಂದ. ಈಗ ಆಕೆಯ ಎಡಕ್ಕೆ ಒಂದು ಕೂಸು ಅಳುತ್ತದೆ, ಬಲಕ್ಕೆ ಒಂದು. ಮೂರನೆಯ ದಿನ ಎದೆ ತುಂಬಿ ಕಲ್ಲಾಯಿತು. ಕೂಸಿಲ್ಲವೆಂದು ಹಾಲಿಗೆ ಗೊತ್ತಿಲ್ಲ. ಬಂದವರೆಲ್ಲ ಅನ್ನುವುದು ಒಂದೇ: “ಅಳಬ್ಯಾಡ, ನಿನಗೇನ ವಯಸ್ಸಾಗೈತಿ, ಮುಂದಿನ ವರ್ಷ ಇನ್ನೊಂದು ಹಡೀತಿ.” ಪ್ರೀತಿಯಿಂದಲೇ ಅನ್ನುತ್ತಾರೆ. ಹೋದ ಕೂಸು ಲೆಕ್ಕಕ್ಕೇ ಇರಲಿಲ್ಲ ಎಂಬಂತೆ ಆಕೆಯ ಕಿವಿಗೆ ಬೀಳುತ್ತದೆ.

ಎರಡು ದಿನದ ಮೇಲೆ ನರ್ಸ್‌ಗಳು ಹಾಸಿಗೆಯನ್ನು ಸ್ತ್ರೀರೋಗ ವಾರ್ಡಿನ ಕೊನೆಯ ಕೋಣೆಗೆ ಬದಲಿಸಿದರು. ಮೊದಲ ದಿನವೇ ಆಗಬೇಕಿತ್ತು, ಪ್ರತಿ ಆಸ್ಪತ್ರೆಯಲ್ಲೂ ಆಗಬೇಕು. ಮೂಲೆಯ ಚಾಪೆಯ ಅಕ್ಕ ಅಲ್ಲಿಗೂ ಹೋಗುತ್ತಾಳೆ. ಏನೂ ಮಾತಾಡದೆ ಆಕೆಯ ತಲೆ ಬಾಚಿ ಹೆಣಲು ಹಾಕುತ್ತಾಳೆ. ಒಂದು ಸಂಜೆ ಆಕೆಯೇ ಬಾಯಿ ಬಿಟ್ಟಳು.

“ಮುಖ ಹೆಂಗಿತ್ತು?”

ಆಕೆಗೆ ಯಾರೂ ತೋರಿಸಿರಲಿಲ್ಲ. ಕಂಡರೆ ಮರೆಯುವುದು ಕಷ್ಟ ಎಂದು ತೋರಿಸಿರಲಿಲ್ಲ. ಬಾಗಿಲಲ್ಲಿ ಕುಳಿತಿದ್ದ ಅತ್ತೆ ಬಹಳ ಹೊತ್ತು ಸುಮ್ಮನಿದ್ದು ಹೇಳಿದಳು, “ನಿನ್ನಂಗ ಮೂಗು. ಕೂದ್ಲ ಭಾಳ ಇದ್ದುವು.” ಅವತ್ತು ಅತ್ತೆ ಸೊಸೆ ಇಬ್ಬರೂ ಕೂಡಿ ಅತ್ತರು. ಅವತ್ತೇ ಆಕೆ ಮೊದಲ ಬಾರಿಗೆ ಅರ್ಧ ರೊಟ್ಟಿ ತಿಂದಳು. ತಾಯಿ ಬಯಸಿದರೆ ಕೂಸನ್ನು ಆಕೆಯ ಕೈಗೆ ಕೊಡಬೇಕು, ಮುಖ ನೋಡಲು, ಎತ್ತಿಕೊಳ್ಳಲು ವೇಳೆ ಕೊಡಬೇಕು. ನೋಡಬೇಕೋ ಬೇಡವೋ ಎಂಬುದು ಆಕೆಯ ಇಷ್ಟ, ಬೇರೆಯವರ ತೀರ್ಮಾನವಾಗಬಾರದು. ಮನೆಗೆ ಕಳಿಸುವ ದಿನ ನರ್ಸ್ ಡಿಸ್ಚಾರ್ಜ್ ಚೀಟಿಯ ಹಿಂಬದಿಗೆ 14416 ಎಂದು ದೊಡ್ಡದಾಗಿ ಬರೆದುಕೊಟ್ಟಳು. ಸರ್ಕಾರದ ಟೆಲಿ-ಮಾನಸ್, ರಾತ್ರಿ ಎಷ್ಟೊತ್ತಿಗೆ ಮಾಡಿದರೂ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡಬಹುದು. ಕೂಸಿಲ್ಲದ ಮನೆಗೂ ಆಶಾ ಹೋಗಬೇಕು. ತೊಟ್ಟಿಲು ಖಾಲಿಯಾದರೂ ಬಿ.ಪಿ. ಖಾಲಿಯಾಗಿರುವುದಿಲ್ಲ.

ಖರ್ಚಿನ ಮಾತು ಬೇಗ ಮುಗಿಸುತ್ತೇನೆ. 2011ರಿಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಆಪರೇಷನ್, ಔಷಧ, ರಕ್ತ, ಊಟ, ವಾಹನ ಎಲ್ಲಕ್ಕೂ ದುಡ್ಡಿಲ್ಲ, ಕೂಸಿನ ಚಿಕಿತ್ಸೆಗೂ ಇಲ್ಲ. ಆದರೆ ಜೊತೆಗಿದ್ದವರ ಕೂಲಿ ಹೋಗುತ್ತದೆ, ಮನೆಯಲ್ಲಿ ದನ ಕಾಯಲು ಜನ ಬೇಕು. ಊರಿನವರು ಪಾಳಿ ಹಚ್ಚಿಕೊಂಡರು. ದಿನಾ ಬೆಳಗಿನ ಬಸ್ಸಿಗೆ ಯಾರಾದರೊಬ್ಬರು ರೊಟ್ಟಿ, ಶೇಂಗಾ ಹಿಂಡಿ, ಬಾಣಂತಿಗೆ ಅಳವಿ ಪಾಯಸ ಹಿಡಿದು ಬರುತ್ತಾರೆ. ಕಂಡಕ್ಟರ್‌ಗೂ ಆ ಡಬ್ಬಿಯ ಗುರುತಾಗಿದೆ.

ಕೊಳವೆ ಹೋಗಿ ಒಳಲೆ ಬಂತು, ಒಳಲೆ ಹೋಗಿ ಎದೆ ಬಂತು. 1,650 ಗ್ರಾಂ ಆದ ದಿನ ಮನೆಗೆ ಹೋಗಲು ಅಪ್ಪಣೆ ಸಿಕ್ಕಿತು. ಅಜ್ಜಿ ಟೊಪ್ಪಿಗೆಯ ಜೋಡಿಯನ್ನು ಒಗೆದು, ಮಡಚಿ, ಕಾರಿಡಾರಿಗೆ ಹೊಸದಾಗಿ ಬಂದವರ ಕೈಗೆ ಕೊಟ್ಟಳು. ಮನೆಯಲ್ಲೂ ಎದೆಗೆ ಕಟ್ಟಿಕೊಳ್ಳುವುದು ನಿಲ್ಲಬಾರದು, ಕೂಸು ತಾನೇ ಬೇಡವೆಂದು ಒದೆಯುವ ತನಕ. ಕಣ್ಣಿನ ತಪಾಸಣೆ ಹುಟ್ಟಿದ ನಾಲ್ಕು ವಾರಕ್ಕೆ ಆಗಲೇಬೇಕು. ದಿನ ತುಂಬದ ಕೂಸುಗಳ ಕಣ್ಣಿನ ಹಿಂಬದಿಯ ರಕ್ತನಾಳ ಅಡ್ಡಾದಿಡ್ಡಿ ಬೆಳೆದರೆ ದೃಷ್ಟಿಯೇ ಹೋಗುತ್ತದೆ, ಹೊತ್ತಿಗೆ ಸರಿಯಾಗಿ ಕಂಡರೆ ಲೇಸರ್‌ನಿಂದ ಉಳಿಸಬಹುದು. ಇದಕ್ಕಾಗಿ ಬೆಂಗಳೂರಿನ ನಾರಾಯಣ ನೇತ್ರಾಲಯದವರು 2008ರಲ್ಲಿ ಕಿಡ್‌ರಾಪ್ ಎಂಬ ಯೋಜನೆ ಶುರುಮಾಡಿದರು. ತಂತ್ರಜ್ಞರು ಕ್ಯಾಮೆರಾ ಹೊತ್ತು ಜಿಲ್ಲೆಗಳಿಗೆ ಬರುತ್ತಾರೆ, ತೆಗೆದ ಚಿತ್ರಗಳನ್ನು ದೂರದಲ್ಲಿರುವ ತಜ್ಞರು ನೋಡುತ್ತಾರೆ. ನಮ್ಮ ಹುಡುಗಿಯ ಕಣ್ಣು ಸರಿಯಾಗಿದೆ. ಇನ್ನೊಮ್ಮೆ ಎರಡು ವಾರಕ್ಕೆ ಬನ್ನಿ ಎಂದಿದ್ದಾರೆ.

ಆ ಎರಡು ವಾರದ ಭೇಟಿಯ ದಿನವೇ ಹೊರರೋಗಿ ವಿಭಾಗದ ಬೆಂಚಿನ ಮೇಲೆ ಆರನೆಯ ಹಾಸಿಗೆಯವಳು ಕುಳಿತಿದ್ದಳು, ಬಿ.ಪಿ. ತೋರಿಸಲು ಗಂಡನ ಜೊತೆ ಬಂದಿದ್ದಾಳೆ. ಕೂಸನ್ನು ಕಟ್ಟಿಕೊಂಡಿದ್ದ ಈಕೆ ಒಂದು ಗಳಿಗೆ ಅನುಮಾನಿಸಿ, ಆಮೇಲೆ ಹೋಗಿ ಪಕ್ಕದಲ್ಲೇ ಕುಳಿತಳು. ಎತ್ತಿಕೋ ಅನ್ನಲಿಲ್ಲ, ಮುಚ್ಚಿಕೊಳ್ಳಲೂ ಇಲ್ಲ. ಸ್ವಲ್ಪ ಹೊತ್ತಿಗೆ ಆಕೆಯೇ ಬಾಗಿ ನೋಡಿದಳು. “ತೆಲಿ ಜಾರೈತಿ ನೋಡ, ಸರಿ ಮಾಡು,” ಅಂದಳು.

ಇಬ್ಬರನ್ನೂ ಕೂಡಿಯೇ ಒಳಗೆ ಕರೆದರು. ಡಾಕ್ಟರ್ ಮೊದಲು ಕೇಳಿದ್ದು ಆಕೆಯ ಮಾತು.

“ಮತ್ತ ಬಸರಾದ್ರ ಹಿಂಗ ಆಗ್ತೈತೇನ್ರಿ ಡಾಕ್ಟ್ರ?”

“ಆಗಬಹುದು. ಎಲ್ಲರಿಗೂ ಆಗೂದಿಲ್ಲ,” ಅಂದರು ಡಾಕ್ಟರ್. “ನಿಮಗ ಬೇರೆಯವರಕಿಂತ ಹೆಚ್ಚು ಅಪಾಯ ಐತಿ, ಅದನ್ನ ಮುಚ್ಚಿಡಂಗಿಲ್ಲ ನಾನು. ಆದ್ರ ಮಾಡೂಹಂಥದ್ದು ಭಾಳ ಐತಿ. ಮೊದಲು ಈ ಬಿ.ಪಿ. ಪೂರ್ತಿ ಇಳೀಲಿ, ಮೈ ಸುಧಾರಿಸಲಿ. ಮೂರು ತಿಂಗಳು ತುಂಬಿದ ಕೂಡ್ಲೇ ಸಣ್ಣ ಆಸ್ಪಿರಿನ್ ಗುಳಿಗಿ ಶುರು ಮಾಡ್ತೀವಿ, ದಿನಾ ಒಂದು. ಕ್ಯಾಲ್ಸಿಯಂ ಬಿಡಬಾರದು. ಬಿ.ಪಿ. ಎರಡು ವಾರಕ್ಕೊಮ್ಮೆ, ಆಮೇಲೆ ವಾರಕ್ಕೊಮ್ಮೆ. ತವರಿಗೆ ಹೋದ್ರೂ ಅಲ್ಲೇ ತೋರಿಸಬೇಕು.”

ಬೆಳಗಾವಿ, ನಾಗಪುರ ಮತ್ತು ಇನ್ನೂ ಐದು ದೇಶಗಳಲ್ಲಿ ಸುಮಾರು ಹನ್ನೆರಡು ಸಾವಿರ ಚೊಚ್ಚಲ ಬಸುರಿಯರಿಗೆ ಇದೇ ಸಣ್ಣ ಆಸ್ಪಿರಿನ್ ಕೊಟ್ಟು ನೋಡಿ, ದಿನ ತುಂಬದ ಹೆರಿಗೆ ಶೇ. 13.1ರಿಂದ ಶೇ. 11.6ಕ್ಕೆ ಇಳಿದದ್ದನ್ನು 2020ರಲ್ಲಿ ದಾಖಲಿಸಿದ್ದಾರೆ. ಒಮ್ಮೆ ಬಿ.ಪಿ. ಏರಿದವರಿಗಂತೂ ಈ ಗುಳಿಗೆ ಕೊಡಲೇಬೇಕೆಂಬುದು ಅದಕ್ಕೂ ಮೊದಲೇ ಡಾಕ್ಟರರ ಪಾಠ. ಡಾಕ್ಟರ್ ಇದನ್ನೆಲ್ಲ ಹೇಳಲಿಲ್ಲ, ಹೇಳುವ ಹೊತ್ತೂ ಅಲ್ಲ ಅದು.

ಆಕೆ ಚೀಟಿ ಮುಂದಕ್ಕೆ ಚಾಚಿದಳು.

“ಬಾಯಿಲೆ ಹೇಳಿದ್ರ ಮರೀತೀನ್ರಿ. ಬರದು ಕೊಡ್ರಿ. ನಮ್ಮೂರ ಸಿಸ್ಟರ್‌ಗೆ ತೋರಿಸ್ತೀನಿ, ತವರೂರಾಕಿಗೂ ತೋರಿಸ್ತೀನಿ.”

“ನನಗೂ ಬರದು ಕೊಡ್ರಿ,” ಅಂದಳು ಪಕ್ಕದವಳು.

ಡಾಕ್ಟರ್ ಎರಡೂ ತಾಯಿ ಕಾರ್ಡುಗಳ ಮೇಲೆ ಕೆಂಪು ಪೆನ್ನಿನಿಂದ, ಕನ್ನಡದಲ್ಲೇ, ದೊಡ್ಡ ಅಕ್ಷರದಲ್ಲಿ ಬರೆಯತೊಡಗಿದರು.